ಕರುಳಿನ ಜೋಡಣೆಗೆ ಅಂಟು: ಏನು, ಏಕೆ, ಎಷ್ಟರಮಟ್ಟಿಗೆ?

ಅಂಟು ಎಂದೊಡನೆ ನಮಗೆ ನೆನಪಾಗುವುದು ಲಕೋಟೆ, ಪುಸ್ತಕದ ರಟ್ಟು, ಒಡೆದ ಪಿಂಗಾಣಿ ಬಟ್ಟಲು. ಆದರೆ ಬಂಧುವೊಬ್ಬರ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತಿದ್ದಾಗ, “ಕರುಳಿನ ಹೊಲಿಗೆಯ ಮೇಲೆ ಅಂಟು ಹಚ್ಚುತ್ತಾರಂತೆ, ಇನ್ನು ಭಯವಿಲ್ಲ” ಎಂಬ ಮಾತನ್ನು ನಾವು ಕೇಳಿದೆವು. ಈ ಮಾತಿನ ಪೂರ್ವಾರ್ಧ ನಿಜ. ಉತ್ತರಾರ್ಧವನ್ನು ಮಾತ್ರ ತುಸು ಪರಾಮರ್ಶಿಸಬೇಕಾಗಿದೆ.

ಸೋರಿಕೆಯೆಂಬ ಆತಂಕ

ಕ್ಯಾನ್ಸರ್, ಕ್ಷಯ, ಕರುಳಿನ ತಡೆ ಮುಂತಾದ ಕಾರಣಗಳಿಂದ ಕರುಳಿನ ಒಂದು ಭಾಗವನ್ನು ಕತ್ತರಿಸಿ ತೆಗೆದಾಗ ಉಳಿದೆರಡು ತುದಿಗಳನ್ನು ಕೂಡಿಸಬೇಕಾಗುತ್ತದೆ. ಈ ಕೂಡುವಿಕೆಗೆ ವೈದ್ಯರು ಅನಾಸ್ಟೊಮೋಸಿಸ್ ಎನ್ನುತ್ತಾರೆ. ಜೋಡಣೆ ಬಿಟ್ಟುಕೊಂಡರೆ ಕರುಳಿನೊಳಗಿನ ಮಲ ಮತ್ತು ರೋಗಾಣುಗಳು ಹೊಟ್ಟೆಯೊಳಗೆ ಹರಡಿ ಪ್ರಾಣಕ್ಕೇ ಸಂಚಕಾರ ತರಬಲ್ಲವು. ದೊಡ್ಡಕರುಳಿನ ಮೇಲ್ಭಾಗದ ಜೋಡಣೆಗಳಲ್ಲಿ ಸೋರಿಕೆ ನೂರರಲ್ಲಿ ಕೆಲವರಿಗೆ ಮಾತ್ರ ಆಗುತ್ತದೆ. ಗುದದ್ವಾರಕ್ಕೆ ತೀರ ಸಮೀಪದ ಜೋಡಣೆಗಳಲ್ಲಿ ಈ ಪ್ರಮಾಣ ನೂರಕ್ಕೆ 10ರ ಆಸುಪಾಸಿಗೆ ಏರುತ್ತದೆ.

ಶಸ್ತ್ರಕ್ರಿಯೆಯಾದ ಮೊದಲ ಕೆಲವು ದಿನಗಳಲ್ಲಿ ತುದಿಗಳಲ್ಲಿನ ಹಳೆಯ ಕೊಲಾಜೆನ್ ಎಳೆಗಳು ಕರಗುತ್ತಿರುತ್ತವೆ, ಹೊಸ ಎಳೆಗಳು ಇನ್ನೂ ಬಲಿತಿರುವುದಿಲ್ಲ. ಆಗ ಜೋಡಣೆಯ ಭಾರವೆಲ್ಲ ಹೊಲಿಗೆಯ ಮೇಲೆಯೇ. ಅಪಾಯದ ಈ ಅವಧಿಯನ್ನು ದಾಟಿಸಲು ಒಂದು ಹೆಚ್ಚಿನ ಕಾವಲು ಸಾಧ್ಯವೇ ಎಂಬ ಯೋಚನೆಯಿಂದಲೇ ಅಂಟಿನ ಪ್ರಯೋಗ ಹುಟ್ಟಿತು.

ಇರುವೆಯಿಂದ ಸ್ಟೇಪ್ಲರ್‌ವರೆಗೆ

ಕರುಳನ್ನು ಕೂಡಿಸುವ ಯತ್ನ ಹೊಸತಲ್ಲ. ಹರಿದ ಕರುಳಿನ ಅಂಚುಗಳನ್ನು ಕಪ್ಪು ಇರುವೆಗಳಿಂದ ಕಚ್ಚಿಸಿ ಹಿಡಿಸುವ ವಿಧಾನವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. 1826ರಲ್ಲಿ ಫ್ರಾನ್ಸಿನ ಆಂಟ್ವಾನ್ ಲಾಂಬೇರ್, ಕರುಳಿನ ಹೊರಪದರಗಳು ಒಂದಕ್ಕೊಂದು ತಾಗುವಂತೆ ಹೊಲಿಯುವ ಕ್ರಮವನ್ನು ಪ್ರಕಟಿಸಿದನು. ಹೊಲಿಗೆಗೆ ನಿಜವಾದ ಹಿಡಿತ ಕೊಡುವುದು ಲೋಳೆಪೊರೆಯ ಕೆಳಗಿನ ಪದರವೆಂದು 1887ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ತೋರಿಸಿಕೊಟ್ಟನು. 1908ರಲ್ಲಿ ಹಂಗೇರಿಯಲ್ಲಿ ಬಳಕೆಗೆ ಬಂದ ಸ್ಟೇಪ್ಲರ್ ಕಾಲಕ್ರಮದಲ್ಲಿ ಸುಧಾರಿಸಿ, ಇಂದು ಶಸ್ತ್ರವೈದ್ಯರ ನಿತ್ಯದ ಉಪಕರಣವಾಗಿದೆ.

ಅಂಟಿನ ಬಗೆಗಳು

ಮುಖ್ಯವಾದುದು ಫೈಬ್ರಿನ್ ಅಂಟು. ಗಾಯವಾದಾಗ ನಮ್ಮ ರಕ್ತ ಹೆಪ್ಪುಗಟ್ಟುವ ಕೊನೆಯ ಹಂತವನ್ನೇ ಇದು ಅನುಕರಿಸುತ್ತದೆ. ಫೈಬ್ರಿನೋಜನ್ ಮತ್ತು ಥ್ರಾಂಬಿನ್ ಎಂಬ ಎರಡು ದ್ರವಗಳನ್ನು ಜೋಡಿ ಸಿರಿಂಜಿನಿಂದ ಒಟ್ಟಿಗೆ ಹರಿಸಿದಾಗ ಅವು ಬೆರೆತು ಮೆತ್ತನೆಯ ಪೊರೆಯಾಗುತ್ತವೆ. ದೇಹ ಇದನ್ನು ಕ್ರಮೇಣ ಕರಗಿಸಿಕೊಳ್ಳುತ್ತದೆ. 1972ರಲ್ಲಿ ಆಸ್ಟ್ರಿಯಾದ ಹೆಲೆನ್ ಮಾತ್ರಾಸ್ ಮತ್ತು ಸಂಗಡಿಗರು ಪ್ರಾಣಿಗಳ ನರಗಳನ್ನು ಇದರಿಂದ ಜೋಡಿಸಿದ ಪ್ರಯೋಗವನ್ನು ವರದಿ ಮಾಡಿದರು. ಅಮೆರಿಕದಲ್ಲಿ ಇಂತಹ ಅಂಟಿಗೆ 1998ರಲ್ಲಿ ಪರವಾನಗಿ ದೊರೆಯಿತು. ಇದು ಮನುಷ್ಯರ ಪ್ಲಾಸ್ಮಾದಿಂದ ತಯಾರಾಗುವುದರಿಂದ ವೈರಸ್ಸುಗಳನ್ನು ನಿಷ್ಕ್ರಿಯಗೊಳಿಸುವ ಸಂಸ್ಕರಣೆ ಅತ್ಯವಶ್ಯ. ಇವೇ ಘಟಕಗಳನ್ನು ಲೇಪಿಸಿದ ಕೊಲಾಜೆನ್ ತೇಪೆಗಳೂ ಲಭ್ಯವಿವೆ.

ಇನ್ನೊಂದು ಬಗೆ ಸಯನೋಅಕ್ರಿಲೇಟ್. ಮನೆಬಳಕೆಯ ‘ಸೂಪರ್ ಗ್ಲೂ’ವಿನ ಬಳಗದ್ದು. ತೇವ ತಗುಲಿದೊಡನೆ ಇದು ಬಿಗಿಯಾಗಿ ಗಟ್ಟಿಯಾಗುತ್ತದೆ. ಚರ್ಮದ ಗಾಯಕ್ಕೆ ಉಪಯುಕ್ತವಾದರೂ, ಸದಾ ಹಿಗ್ಗಿ ಕುಗ್ಗುವ ಕರುಳಿಗೆ ಈ ಬಿರುಸು ಒಗ್ಗುವುದು ಕಷ್ಟ. ಇದರ ಕೆಲವು ಬಗೆಗಳು ಒಡೆದಾಗ ಹೊರಬರುವ ವಸ್ತುಗಳು ಅಂಗಾಂಶವನ್ನು ಕೆರಳಿಸುವುದೂ ಉಂಟು.

ಅಂಟಿನ ಮಿತಿ

ಇಂದಿನ ತಿಳುವಳಿಕೆಯಂತೆ ಅಂಟು ಹೊಲಿಗೆಗೆ ಬದಲಿಯಲ್ಲ; ಹೊಲಿಗೆಯ ಮೇಲಿನ ಹೊದಿಕೆ ಮಾತ್ರ. ಪ್ರಾಣಿಗಳ ಮೇಲಿನ ಪ್ರಯೋಗಗಳ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಎಲ್ಲ ರೋಗಿಗಳಿಗೂ ಬಳಸಲೇಬೇಕೆಂದು ವಿಧಿಸುವಷ್ಟು ದೃಢವಾದ ಆಧಾರ ಮನುಷ್ಯರ ಮೇಲಿನ ಅಧ್ಯಯನಗಳಿಂದಲೂ ದೊರೆತಿಲ್ಲ. ಅಂಟು ಎರಡು ಅಂಚುಗಳ ನಡುವೆ ಸೇರಿಕೊಂಡರೆ ಗಾಯ ಕೂಡುವುದಕ್ಕೇ ಅಡ್ಡಿಯಾಗಬಹುದು. ತುದಿಗಳಿಗೆ ರಕ್ತ ಸರಿಯಾಗಿ ಹರಿಯದಿದ್ದರೆ, ಅಥವಾ ಎಳೆತ ಹೆಚ್ಚಾಗಿದ್ದರೆ, ಎಂಥ ಅಂಟೂ ಆ ಕೊರತೆಯನ್ನು ತುಂಬಲಾರದು.

ಹಾಗಾದರೆ ಕುಟುಂಬದವರು ಮಾಡಬಹುದಾದುದೇನು? ಶಸ್ತ್ರಕ್ರಿಯೆಗೆ ಮೊದಲು ಧೂಮಪಾನ ನಿಲ್ಲಿಸುವುದು, ಪೌಷ್ಟಿಕ ಆಹಾರ, ಸಕ್ಕರೆ ಕಾಯಿಲೆಯ ಹತೋಟಿ, ಸೇವಿಸುತ್ತಿರುವ ಸ್ಟಿರಾಯ್ಡ್ ಮಾತ್ರೆಗಳನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸುವುದು: ಇವು ಜೋಡಣೆಗೆ ನೇರವಾಗಿ ನೆರವಾಗುತ್ತವೆ. ಗುದದ ಸಮೀಪದ ಜೋಡಣೆಯಾದರೆ, ಮಲವನ್ನು ಕೆಲಕಾಲ ಹೊಟ್ಟೆಯ ಮೇಲಿನ ಚೀಲಕ್ಕೆ ತಿರುಗಿಸುವ ಸ್ಟೋಮಾ ಬೇಕಾದೀತು. ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಸೋರಿಕೆಯಾದರೂ ಅದರ ತೀವ್ರತೆಯನ್ನು ತಗ್ಗಿಸುವ ಉಪಾಯವದು. ಮನೆಗೆ ಮರಳಿದ ಮೇಲೆಯೂ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆಯುಬ್ಬರ, ನಾಡಿಯ ವೇಗ ಕಂಡುಬಂದರೆ “ನಾಳೆ ನೋಡೋಣ” ಎನ್ನದೆ ಆಸ್ಪತ್ರೆಗೆ ಧಾವಿಸಬೇಕು.

ಕರುಳನ್ನು ಕಟ್ಟಕಡೆಗೆ ಕೂಡಿಸುವುದು ದೇಹದ ಸ್ವಂತ ಶಕ್ತಿಯೇ. ಹೊಲಿಗೆ ಅದಕ್ಕೆ ಕಾಲಾವಕಾಶ ಕೊಡುತ್ತದೆ, ಅಂಟು ಕೆಲವೊಮ್ಮೆ ಹೊಲಿಗೆಗೆ ಕಾವಲಾದೀತು. ಕಾವಲಿದೆಯೆಂದು ನಾವು ಮೈಮರೆಯಬಾರದು, ಅಷ್ಟೆ.