ಲಿಯಾಂಗ್‌ಶಾನ್‌ನ ಹಳೆಯ ಪ್ರಶ್ನೆ, ‘ಸುಯಿಕೋಡೆನ್’ ಎರಡನೆಯ ಭಾಗದ ಉತ್ತರ

ಚೀನಾದ ಮಹಾಕಾದಂಬರಿಗಳಲ್ಲಿ ಒಂದೆಂದು ಎಣಿಸಲಾಗುವ ‘ಶುಯಿ ಹು ಜುವಾನ್’ ಕೃತಿಯನ್ನು 14ನೆಯ ಶತಮಾನದ ಶಿ ನಾಯ್‌ಆನ್‌ನ ಹೆಸರಿಗೆ ಸಲ್ಲಿಸುವುದು ವಾಡಿಕೆ. ಉತ್ತರ ಸೋಂಗ್ ಅರಸೊತ್ತಿಗೆಯ ಕಾಲದಲ್ಲಿ, ಬಹುಪಾಲು ಭ್ರಷ್ಟ ಅಧಿಕಾರಿಗಳಿಂದ ನೊಂದ 108 ಮಂದಿ ಲಿಯಾಂಗ್‌ಶಾನ್ ಎಂಬ ಜೌಗು ಪ್ರದೇಶದಲ್ಲಿ ನೆಲೆ ನಿಂತು ಪ್ರಭುತ್ವವನ್ನು ಎದುರಿಸಿದ ಕಥೆ ಅದು. ಅವರ ನಾಯಕ ಸೋಂಗ್ ಜಿಯಾಂಗ್ ಮೂಲತಃ ಒಬ್ಬ ಸರಕಾರಿ ಗುಮಾಸ್ತ. ಸರಕಾರದ ಅನ್ನ ಉಣ್ಣುವ ನಮ್ಮಂಥವರು ಈ ವಿವರವನ್ನು ಲಘುವಾಗಿ ದಾಟಿ ಹೋಗಲಾರೆವು. ಬಂಡುಕೋರನಾದ ಮೇಲೂ ಅವನ ಮನಸ್ಸು ಅರಮನೆಯ ಕಡೆಗೇ ತುಯ್ಯುತ್ತದೆ. ಕೊನೆಗೆ ಚಕ್ರವರ್ತಿಯ ಕ್ಷಮಾದಾನವನ್ನು ಒಪ್ಪಿಕೊಂಡು, ಅದೇ ಪ್ರಭುತ್ವದ ಪರವಾಗಿ ಯುದ್ಧಕ್ಕೆ ಹೊರಡುತ್ತಾನೆ. ಸಂಗಡಿಗರಲ್ಲಿ ಬಹುಮಂದಿಯನ್ನು ಕಳೆದುಕೊಂಡು, ತಾನೂ ಅಧಿಕಾರಿಗಳು ವಿಷ ಬೆರೆಸಿದ ಮದ್ಯಕ್ಕೆ ಬಲಿಯಾಗುತ್ತಾನೆ. 1641ರಲ್ಲಿ ಜಿನ್ ಶೆಂಗ್‌ಟಾನ್ ಎಂಬ ವಿಮರ್ಶಕ ಈ ಉತ್ತರಾರ್ಧವನ್ನೇ ಕತ್ತರಿಸಿ, 70 ಅಧ್ಯಾಯಗಳಿಗೆ ಕಥೆಯನ್ನು ಮುಗಿಸಿದ. ಅಧ್ಯಾಯಗಳು ಹೋದರೂ ಪ್ರಶ್ನೆ ಉಳಿಯಿತು. ಕೆಟ್ಟ ಆಳ್ವಿಕೆಯನ್ನು ಒಳಹೊಕ್ಕು ತಿದ್ದಬೇಕೋ, ಹೊರಗೆ ನಿಂತು ಎದುರಿಸಬೇಕೋ?

ಇದೇ ಹೆಸರಿನ ಲಿಪಿಚಿಹ್ನೆಗಳನ್ನು ಜಪಾನೀಯರು ‘ಸುಯಿಕೋಡೆನ್’ ಎಂದು ಓದುತ್ತಾರೆ. ಎಡೋ ಕಾಲದ ಜಪಾನಿನಲ್ಲಿ ಈ ಕಥೆಗೆ ದೊಡ್ಡ ಓದುಗವರ್ಗವಿತ್ತು. 1827ರ ಸುಮಾರಿಗೆ ಕುನಿಯೋಶಿ ಎಂಬ ಕಲಾವಿದ ಈ ವೀರರ ಮರದಚ್ಚಿನ ಚಿತ್ರಗಳನ್ನು ಹೊರತಂದು ಹೆಸರಾದ. ಈ ಪರಂಪರೆಯ ಕೊನೆಯ ಕೊಂಡಿಯಾಗಿ, 1995ರ ಡಿಸೆಂಬರಿನಲ್ಲಿ ಕೊನಾಮಿ ಸಂಸ್ಥೆ ‘ಗೆನ್‌ಸೋ ಸುಯಿಕೋಡೆನ್’ ಎಂಬ ವಿಡಿಯೋ ಗೇಮ್ ಅನ್ನು ಪ್ಲೇಸ್ಟೇಷನ್ ಯಂತ್ರಕ್ಕಾಗಿ ಪ್ರಕಟಿಸಿತು. ಅದರ ಕಥೆಗಾರ ಯೋಶಿತಾಕಾ ಮುರಾಯಾಮಾ.

ನಮ್ಮ ಬಳಗದ ಅನೇಕರಿಗೆ ವಿಡಿಯೋ ಗೇಮ್ ಎಂದರೆ ಪರೀಕ್ಷೆಯ ದಿನಗಳಲ್ಲಿ ಮಕ್ಕಳ ಕೈಯಿಂದ ಕಸಿದುಕೊಳ್ಳಬೇಕಾದ ವಸ್ತು. ಆದರೆ ರೋಲ್ ಪ್ಲೇಯಿಂಗ್ ಎಂಬ ಪ್ರಕಾರದಲ್ಲಿ ಆಡುವವರೇ ಕಥಾನಾಯಕನ ಹೆಜ್ಜೆಯಲ್ಲಿ ನಡೆದು, ಹತ್ತಾರು ಗಂಟೆಗಳ ಕಾಲ ಒಂದು ಕಾದಂಬರಿಯೊಳಗೆ ಬಾಳುತ್ತಾರೆ. 1998ರ ಡಿಸೆಂಬರ್ 17ರಂದು ಜಪಾನಿನಲ್ಲಿ ಬಂದ ‘ಸುಯಿಕೋಡೆನ್’ ಎರಡನೆಯ ಭಾಗ ಅಂಥ ಕಾದಂಬರಿ. ಸೋಂಗ್ ಜಿಯಾಂಗ್‌ನ ಎರಡು ಮನಸ್ಸನ್ನು ಇಬ್ಬರು ಗೆಳೆಯರಿಗೆ ಹಂಚಿಕೊಟ್ಟದ್ದು ಇದರ ಮುಖ್ಯ ಸಾಧನೆಯೆಂದು ನಾವು ಭಾವಿಸುತ್ತೇವೆ.

ಕಥೆ ಶಾಂತಿಯ ರಾತ್ರಿಯೊಂದರಲ್ಲಿ ಆರಂಭವಾಗುತ್ತದೆ. ಹೈಲ್ಯಾಂಡ್ ರಾಜ್ಯಕ್ಕೂ ನೆರೆಯ ನಗರಗಳ ಒಕ್ಕೂಟಕ್ಕೂ ಒಪ್ಪಂದವಾಗಿದೆ. ಹೈಲ್ಯಾಂಡಿನ ಬಾಲಸೈನಿಕರ ದಳ ಬೆಳಗಾದರೆ ಊರಿಗೆ ಹೊರಡಬೇಕು. ಆ ರಾತ್ರಿ ಅವರನ್ನು ಕೊಲ್ಲಿಸುವವನು ಅವರದೇ ಯುವರಾಜ ಲೂಕಾ ಬ್ಲೈಟ್. ಕೊಲೆಯ ಹೊಣೆಯನ್ನು ಶತ್ರುವಿನ ತಲೆಗೆ ಕಟ್ಟಿ ಮತ್ತೆ ಯುದ್ಧ ಹೂಡುವುದು ಅವನ ಹಂಚಿಕೆ. ಕಥಾನಾಯಕನೂ ಅವನ ಗೆಳೆಯ ಜೋವಿಯೂ ಬಂಡೆಯೊಂದರ ಮೇಲೆ ಗುರುತು ಕೊರೆದು, ಬೇರೆಯಾದರೆ ಇಲ್ಲಿಯೇ ಕೂಡೋಣವೆಂದು ಮಾತು ಕೊಟ್ಟುಕೊಂಡು, ಪ್ರಪಾತದ ನದಿಗೆ ಹಾರುತ್ತಾರೆ. ಬದುಕಿ ಊರಿಗೆ ಬಂದವರಿಗೆ ದೊರೆಯುವ ಬಿರುದು ದೇಶದ್ರೋಹಿಗಳೆಂಬುದು.

ಇಬ್ಬರೂ ಬಯಸುವುದು ಯುದ್ಧದ ಅಂತ್ಯವನ್ನೇ. ಹಿಡಿಯುವ ದಾರಿ ಮಾತ್ರ ಬೇರೆ. ಲೂಕಾ ಸುಟ್ಟ ಹಳ್ಳಿಯಲ್ಲಿ ಅನಾಥಳಾಗಿ, ಭಯದಿಂದ ಮಾತನ್ನೇ ಕಳೆದುಕೊಂಡ ಪಿಲಿಕಾ ಎಂಬ ಎಳೆಯ ಹುಡುಗಿಯನ್ನು ಕಂಡ ಜೋವಿ, ಶಕ್ತಿಯಿಲ್ಲದ ಕರುಣೆ ಯಾರನ್ನೂ ಕಾಯದೆಂದು ತೀರ್ಮಾನಿಸುತ್ತಾನೆ. ಅವನು ಹೈಲ್ಯಾಂಡಿನ ಒಳಹೊಕ್ಕು, ಒಕ್ಕೂಟದ ನಗರಾಧ್ಯಕ್ಷೆಯ ಕೊಲೆಯಿಂದ ಆರಂಭಿಸಿ, ಒಂದೊಂದೇ ಮೆಟ್ಟಿಲೇರಿ ಸಿಂಹಾಸನದವರೆಗೆ ಹೋಗುತ್ತಾನೆ. ನಾಯಕನು ಹೈಲ್ಯಾಂಡಿನ ಹುಡುಗನಾಗಿದ್ದೂ ಹೊರಗೆ ನಿಂತು, ಪಾಳುಬಿದ್ದ ಕೋಟೆಯೊಂದರಲ್ಲಿ ಒಕ್ಕೂಟದ ಪರವಾಗಿ ಜನರನ್ನು ಕೂಡಿಸುತ್ತಾನೆ. ಲೂಕಾನ ಪತನಕ್ಕೆ ಇಬ್ಬರೂ ಬೇಕಾಗುತ್ತಾರೆ: ಅವನ ರಾತ್ರಿಯ ದಾಳಿಯ ಸುಳಿವು ಬರುವುದು ಜೋವಿಯ ಕಡೆಯಿಂದ; ಅವನನ್ನು ನೆಲಕ್ಕುರುಳಿಸುವುದಕ್ಕೆ ಆರು ಆರು ಮಂದಿಯ ಮೂರು ತಂಡಗಳು ಒಂದಾದ ಮೇಲೊಂದರಂತೆ ಹೋರಾಡಬೇಕು. ಸಾಮಾನ್ಯ ಆಟವಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ರಾಕ್ಷಸ ಸತ್ತ ಮೇಲೂ ಯುದ್ಧ ನಿಲ್ಲುವುದಿಲ್ಲ. ಎರಡು ಪಾಳೆಯಗಳಲ್ಲಿಯೂ ಒಳ್ಳೆಯವರೇ ನಾಯಕರಾದ ಮೇಲೆ ಯುದ್ಧವು ಇನ್ನಷ್ಟು ದಾರುಣವಾಗುತ್ತದೆ.

ಕೋಟೆಯ ವಿಚಾರವನ್ನೂ ಹೇಳಬೇಕು. ಅದು ಸೇರಿದ ಜನರ ಲೆಕ್ಕಕ್ಕೆ ತಕ್ಕಂತೆ ಬೆಳೆಯುತ್ತದೆ. ಬರುವವರೆಲ್ಲ ಕತ್ತಿವರಸೆಯವರಲ್ಲ, ಅಡುಗೆಯ ಹೈಯೋ, ಬಟ್ಟೆ ಒಗೆಯುವ ಯೋಶಿನೋ, ತೋಟ ಮಾಡುವ ಟೋನಿ, ಸ್ನಾನದ ಮನೆ ಕಟ್ಟುವ ತೆತ್ಸು ಇವರೂ 108 ನಕ್ಷತ್ರಗಳಲ್ಲಿ ಸೇರಿದವರೇ. ಸೇನಾಪತಿಯ ಹೆಸರಿದ್ದ ಕಲ್ಲಿನ ಫಲಕದ ಮೇಲೆಯೇ ಅಗಸಗಿತ್ತಿಯ ಹೆಸರೂ ಮೂಡುತ್ತದೆ. ಯುದ್ಧದ ಇತಿಹಾಸವನ್ನು ಅರಸರ ಹೆಸರುಗಳಲ್ಲೇ ಓದಿ ಬೆಳೆದ ನಮಗೆ ಇದು ಸಣ್ಣ ಸಂಗತಿಯಲ್ಲ. ಇತಿಹಾಸದ ನೆನಪೂ ಈ ಆಟಕ್ಕಿದೆ. ಮೊದಲ ಭಾಗವನ್ನು ಮುಗಿಸಿದವರ ಮೆಮೊರಿ ಕಾರ್ಡಿನ ದಾಖಲೆಯನ್ನು ಓದಿಕೊಂಡು, ಮೂರು ವರ್ಷಗಳ ಹಿಂದಿನ ಆ ಯುದ್ಧದ ನಾಯಕನನ್ನು ಎರಡನೆಯ ಭಾಗ ತನ್ನ ಕಥೆಯೊಳಕ್ಕೆ ಬರಮಾಡಿಕೊಳ್ಳುತ್ತದೆ.

ಇಷ್ಟಾಗಿಯೂ ಇದು ಹೊರದೇಶಗಳಲ್ಲಿ ಬಹುಕಾಲ ಮೂಲೆಗುಂಪಾಗಿತ್ತು. 1997ರ ‘ಫೈನಲ್ ಫ್ಯಾಂಟಸಿ’ ಏಳನೆಯ ಭಾಗದ ನಂತರ ಮೂರು ಆಯಾಮಗಳ ಚಿತ್ರಗಳೇ ಮಾರುಕಟ್ಟೆಯ ಅಳತೆಗೋಲಾದವು. ಚುಕ್ಕಿ ಚುಕ್ಕಿಯಾಗಿ ಬರೆದ ಚಪ್ಪಟೆ ಚಿತ್ರಗಳ ಈ ಆಟ ಹಳತೆನಿಸಿತು. 1999ರಲ್ಲಿ ಅಮೆರಿಕಕ್ಕೆ ಬಂದಾಗ ಎದುರಿಗೆ ಅದೇ ಸರಣಿಯ ಎಂಟನೆಯ ಭಾಗ ನಿಂತಿತ್ತು. ಇಂಗ್ಲಿಷ್ ಅನುವಾದದಲ್ಲಿ ತಪ್ಪುಗಳು ಬಹಳವಿದ್ದವು. ಅಚ್ಚಾದ ಪ್ರತಿಗಳು ವಿರಳವಾಗಿ, ಹಳೆಯ ಡಿಸ್ಕಿನ ಬೆಲೆ ನೂರು ಡಾಲರು ದಾಟಿತು. ಮುರಾಯಾಮಾ ಮೂರನೆಯ ಭಾಗ 2002ರಲ್ಲಿ ಹೊರಬರುವ ಮುನ್ನವೇ ಸಂಸ್ಥೆಯಿಂದ ಹೊರನಡೆದರು. ಅಭಿಮಾನಿಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2014ರ ಡಿಸೆಂಬರಿನಲ್ಲಿ ಅಮೆರಿಕದ ಆಟಗಾರರಿಗೆ ಇದು ಅಂತರ್ಜಾಲದ ಮೂಲಕ ಮತ್ತೆ ದೊರೆಯಿತು. ಎರಡೂ ಭಾಗಗಳ ನವೀಕೃತ ಆವೃತ್ತಿ ಬಂದದ್ದು 2025ರ ಮಾರ್ಚಿನಲ್ಲಿ. ಅದನ್ನು ನೋಡಲು ಮುರಾಯಾಮಾ ಇರಲಿಲ್ಲ; 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಿದ್ದರು.

ಇನ್ನು ಆ ಹಳೆಯ ಪ್ರಶ್ನೆ. ಯುದ್ಧ ಗೆದ್ದ ನಾಯಕನ ಮುಂದೆ ಹೊಸ ರಾಜ್ಯದ ಮುಖ್ಯಪೀಠ ಕಾದಿರುತ್ತದೆ. ಅವನು ಅದರಲ್ಲಿ ಕೂರಬಹುದು. ಕೂರದೆ ಆ ಗುರುತಿನ ಬಂಡೆಯ ಬಳಿಗೂ ಹೋಗಬಹುದು. ಅಲ್ಲಿ ಸೋತ ಜೋವಿ ಕಾದಿದ್ದಾನೆ, ಹೋರಾಡು ಎನ್ನುತ್ತಾನೆ. ಆಡುವವರು ಹೊಡೆಯಬಹುದು, ಅಥವಾ ಅವನ ಏಟುಗಳನ್ನು ತಡೆಯುತ್ತ ಸುಮ್ಮನೆ ನಿಲ್ಲಬಹುದು. ಪಟ್ಟು ಬಿಡದೆ ಸುಮ್ಮನೆ ನಿಂತವರಿಗೆ, ಇನ್ನೂ ಕೆಲವು ಷರತ್ತುಗಳು ಕೂಡಿಬಂದರೆ, ಗೆಳೆಯ ಉಳಿಯುತ್ತಾನೆ. ಸತ್ತಳೆಂದುಕೊಂಡಿದ್ದ ಅಕ್ಕ ನಾನಾಮಿಯೂ ಮರಳುತ್ತಾಳೆ. ಮೂವರೂ ಅಧಿಕಾರವನ್ನು ಬಿಟ್ಟು ಹೊರಟುಹೋಗುತ್ತಾರೆ.

ಸೋಂಗ್ ಜಿಯಾಂಗ್ ಒಪ್ಪಿಕೊಂಡು ಅಳಿದುದನ್ನು ಈ ಹುಡುಗ ಬಿಟ್ಟು ಉಳಿಯುತ್ತಾನೆ. ಆದರೆ ಬಿಟ್ಟು ಹೋಗುವುದೊಂದೇ ಉತ್ತರವೆಂದು ನಮಗೆ ತೋರುವುದಿಲ್ಲ. ಪೀಠ ಖಾಲಿಯಾದರೂ ಮರುದಿನ ಕಡತಗಳು ಬರುತ್ತವೆ, ಯಾರಾದರೂ ಸಹಿ ಹಾಕಲೇಬೇಕು. ಮುರಾಯಾಮಾ ನಿಜವಾದ ಉತ್ತರವನ್ನು ಆ ಷರತ್ತಿನಲ್ಲಿಯೇ ಇಟ್ಟಿದ್ದಾರೆ. 108 ಮಂದಿಯಲ್ಲಿ ಒಬ್ಬರೇ ಒಬ್ಬರು ಬಿಟ್ಟುಹೋದರೂ ಈ ಸುಖಾಂತ ದೊರೆಯದು. ಎಷ್ಟೇ ಶೂರನಾದರೂ ನಾಯಕನೊಬ್ಬನಿಂದ ಅದು ಆಗುವ ಕೆಲಸವಲ್ಲ. ಅಗಸಗಿತ್ತಿಯ ಹೆಸರು ಫಲಕದ ಮೇಲೆ ಇಲ್ಲದಿದ್ದರೆ ಅಕ್ಕ ಮರಳುವುದಿಲ್ಲ.