ಹೋಬಳಿ ಮಟ್ಟದಲ್ಲಿ ಮಕ್ಕಳ ಮನೋಸ್ವಾಸ್ಥ್ಯ ತಪಾಸಣೆ: ಅಕ್ಕಿಹೆಬ್ಬಾಳು ಸಂದರ್ಭದ ವಿವೇಚನೆ

1. ಪೀಠಿಕೆ

ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಕೊಳೆಗೇರಿ ಹಾಗೂ ಗ್ರಾಮೀಣ ಭಾಗದ 2064 ಮಕ್ಕಳನ್ನು ಕುರಿತು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 16 ವರ್ಷದವರೆಗಿನವರಲ್ಲಿ ಶೇ. 12.5 ಮಂದಿಗೆ ಮಾನಸಿಕ ಸಮಸ್ಯೆ ಕಂಡುಬಂದಿತು. ಮಗುವಿಗೆ ತೊಂದರೆಯಿದೆ ಎಂದು ಗುರುತಿಸಿದ ಕುಟುಂಬಗಳು ಶೇ. 37.5 ಮಾತ್ರ. ಹೆಚ್ಚಾಗಿ ಕಂಡವು ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು, ಭಯ, ಅತಿಚಟುವಟಿಕೆ, ಉಗ್ಗು, ಹಟಮಾರಿತನ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಹೋಬಳಿಯಂಥ ಕಡೆ ಇವನ್ನು ಯಾರೂ ಕಾಯಿಲೆ ಎಂದು ಡಾಕ್ಟರ ಮುಂದಿಡುವುದಿಲ್ಲ. ‘ದೊಡ್ಡೋನಾದ್ರೆ ಸರಿಹೋಯ್ತದೆ’ ಎನ್ನುತ್ತಾರೆ, ಇಲ್ಲವೇ ತಾಯತ ಕಟ್ಟಿಸುತ್ತಾರೆ. ಆಸ್ಪತ್ರೆಗೆ ಬರುವುದು ಜ್ವರ, ಕೆಮ್ಮು, ಹೊಟ್ಟೆನೋವಿಗೆ.

2. ಸಾಧನ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಬೇಕು. ಆದರೆ ತಾಯಿ–ಮಗು ಒಟ್ಟಿಗೆ ಸಿಗುವುದು ಚಿಕಿತ್ಸಾಲಯದಲ್ಲೇ. ಅಲ್ಲಿಗೆ ಹೊಂದುವ ಸಾಧನ ಜೆಲಿನೆಕ್ ಮತ್ತು ಮರ್ಫಿ ರೂಪಿಸಿದ 35 ಪ್ರಶ್ನೆಗಳ ಪಟ್ಟಿ. ‘ಇಲ್ಲ’, ‘ಕೆಲವೊಮ್ಮೆ’, ‘ಪದೇ ಪದೇ’ ಎಂಬ ಉತ್ತರಗಳಿಗೆ 0, 1, 2 ಅಂಕ. 6ರಿಂದ 16 ವರ್ಷದವರಿಗೆ ಮೊತ್ತ 28 ಮುಟ್ಟಿದರೆ ಮುಂದಿನ ಪರೀಕ್ಷೆ. ಮೊದಲ ಪ್ರಶ್ನೆಯೇ ಮೈಕೈ ನೋವಿನದು. ಪರೀಕ್ಷೆಗಳೆಲ್ಲ ಸರಿಯಿದ್ದೂ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆ ಹಿಡಿದುಕೊಳ್ಳುವ ಹುಡುಗನ ಬಗ್ಗೆ ಮಾತು ತೆಗೆಯಲು ಇದು ಸಹಜ ದಾರಿ. ಓದು ಬಾರದ ತಾಯಂದಿರಿಗೆ ಆಶಾ ಕಾರ್ಯಕರ್ತೆ ಆಡುಮಾತಿನಲ್ಲಿ ಕೇಳಿ ಗುರುತು ಹಾಕಬಹುದು. ಅಜ್ಜಿಯೋ ನೆರೆಯವರೋ ಕಿವಿಗೊಡದ ಜಾಗವಿರಬೇಕು.

3. ಚರ್ಚೆ

ಅಂಕ ರೋಗನಿರ್ಣಯವಲ್ಲ. ನೂರು ಮಕ್ಕಳಲ್ಲಿ 12 ಮಂದಿಗೆ ಸಮಸ್ಯೆಯಿದೆ, ಪಟ್ಟಿ ಸಮಸ್ಯೆಯುಳ್ಳವರಲ್ಲೂ ಇಲ್ಲದವರಲ್ಲೂ ಶೇ. 80ರಷ್ಟು ಸರಿಯಾಗಿ ಗುರುತಿಸುತ್ತದೆ ಎಂದುಕೊಳ್ಳೋಣ. ಆಗ ಸಮಸ್ಯೆಯುಳ್ಳ ಸುಮಾರು 10, ಇಲ್ಲದ ಸುಮಾರು 18, ಒಟ್ಟು 28 ಮಕ್ಕಳು ಪಟ್ಟಿಗೆ ಸಿಕ್ಕುತ್ತಾರೆ. ಎರಡನೆಯ ಹಂತದ ಸಂದರ್ಶನವಿಲ್ಲದಿದ್ದರೆ ಆ 18 ಮಕ್ಕಳಿಗೆ ಊರಿನಲ್ಲಿ ‘ತಲೆ ಸರಿಯಿಲ್ಲ’ ಎಂಬ ಹೆಸರಷ್ಟೇ ಉಳಿಯುತ್ತದೆ.

ಎರಡನೆಯ ಹಂತಕ್ಕೆ ನೆಲೆಯಿಲ್ಲದಿಲ್ಲ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಸೇವೆಯಿದೆ. 2022ರಿಂದ ಟೆಲಿ ಮಾನಸ್‌ನ 14416 ಸಂಖ್ಯೆಯೂ ಇದೆ.

4. ನಿರ್ಣಯ

ಅಂಕ ದಾಟಿದ ಪ್ರತಿ ಮಗುವಿಗೂ ಮಂಗಳವಾರದ ಭೇಟಿ ಗೊತ್ತುಮಾಡಿ, ಹೋಗಿಬಂದದ್ದನ್ನು ಆಶಾ ಕಾರ್ಯಕರ್ತೆ ದಾಖಲಿಸುವಂತಾದರೆ ತಪಾಸಣೆ ಸಾರ್ಥಕ. ಆ ಏರ್ಪಾಡು ಆಗುವ ಮೊದಲೇ ಪ್ರಶ್ನಾವಳಿ ಹಂಚುವುದು ಸಲ್ಲದು.