ಮಾಸ್ತರರ 31,864 ಕಿಲೋಮೀಟರ್

ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುವಾಗ ನಾವು ಏನೇನು ನೋಡ್ತೀವಿ? ಫ್ರೇಮಿನಲ್ಲಿ ಬಿರುಕು ಇದೆಯಾ, ಚೈನ್ ಎಷ್ಟು ಸವೆದಿದೆ, ಬ್ರೇಕು ಹಿಡಿಯುತ್ತಾ, ಟಯರ್ ಇನ್ನೆಷ್ಟು ದಿನ ಬಾಳುತ್ತೆ. ನಾನೂ ಅಷ್ಟೇ ನೋಡಿದೆ. ಹೊನ್ನಾವರದ ನಿವೃತ್ತ ಗಣಿತ ಮಾಸ್ತರೊಬ್ಬರ ಹೈಬ್ರಿಡ್ ಸೈಕಲ್ ಅದು. ಸಮುದ್ರದ ಉಪ್ಪುಗಾಳಿಗೆ ಬೋಲ್ಟುಗಳು ತುಕ್ಕು ಹಿಡಿದಿದ್ದು ಬಿಟ್ಟರೆ ಗಟ್ಟಿಮುಟ್ಟಾಗಿತ್ತು. ವರ್ಕ್ ಫ್ರಂ ಹೋಮ್ ಕೃಪೆಯಿಂದ ಬೆಂಗಳೂರು ಬಿಟ್ಟು ಭಟ್ಕಳದ ಮನೆಗೆ ಬಂದು ಕೂತಿದ್ದ ನನಗೆ ಅಷ್ಟು ಸಾಕಿತ್ತು. ರೇಟಿನ ಮಾತು ಮುಗಿದ ಮೇಲೆ ಮಾಸ್ತರು ಒಂದು ಷರತ್ತು ಹಾಕಿದರು.

"ತಮಾ, ದುಡ್ಡು ಸ್ವಲ್ಪ ಕಡಿಮೆ ಕೊಟ್ರೂ ಅಡ್ಡಿಲ್ಲ. ಲೆಕ್ಕ ಮಾತ್ರ ಸೊನ್ನೆಗೆ ತರಬೇಡ."

ಲೆಕ್ಕ ಅಂದರೆ ಹ್ಯಾಂಡಲ್ ಮೇಲೆ ಕೂತಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ಸೈಕಲ್ ಕಂಪ್ಯೂಟರ್. ಎಷ್ಟು ವೇಗ, ಇವತ್ತು ಎಷ್ಟು ದೂರ, ಇಲ್ಲಿಯವರೆಗೆ ಒಟ್ಟು ಎಷ್ಟು ಅಂತ ತೋರಿಸುವ ಯಂತ್ರ. ಬಿಸಿಲಿಗೆ ಅದರ ಪರದೆ ಪೂರ್ತಿ ಕಪ್ಪಾಗಿಹೋಗಿತ್ತು. ಆದರೆ ಮಾಸ್ತರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪ್ರತಿ ಭಾನುವಾರ ಒಟ್ಟು ದೂರ ಬರೆದಿಡುತ್ತಿದ್ದರು. ಕೊನೆಯ ಸಾಲು: 31,864. ಅವರ ಗುರಿ 40,000 ಇತ್ತು. ಅಷ್ಟಾದರೆ ಭೂಮಿಗೆ ಒಂದು ಸುತ್ತು ಬಂದ ಹಾಗೆ. ಅಷ್ಟರಲ್ಲಿ ಎರಡೂ ಮೊಣಕಾಲು ಕೈಕೊಟ್ಟವು. ಡಾಕ್ಟರು ಸೈಕಲ್ ಬೇಡ ಅಂದರು. "ನಾನಂತೂ ಮುಗಿಸೂದಿಲ್ಲ, ಸೈಕಲ್ಲಾದ್ರೂ ಮುಗಿಸಲಿ" ಅಂದರು. ನಾನು ಹೂಂ ಅಂದುಬಿಟ್ಟೆ. ಹೂಂ ಅನ್ನೋದು ಎಷ್ಟು ಸುಲಭ!

ಮೊದಲ ವಾರ ಅದೇ ಕಂಪನಿಯ ಹೊಸ ಮಾದರಿ ತರಿಸಿದೆ. ಕಂಪನಿ ಒಂದೇ ಆದರೂ ಹಳೇ ಬೇಸಿನ ಮೇಲೆ ಹೊಸ ಡಬ್ಬಿ ಕೂರಲೇ ಇಲ್ಲ. ಕುಮಟಾದ ಸೈಕಲ್ ಅಂಗಡಿಯವರು ನೋಡಿ, "ಇದೆಲ್ಲ ನಮ್ಮಲ್ಲಿ ಬರೂದಿಲ್ಲ, ಬೆಲ್ ಬೇಕಾದ್ರೆ ಕೊಡ್ತೆ" ಅಂದರು. ಭಟ್ಕಳದ ಫಾರಿನ್ ಮಾಲಿನ ಅಂಗಡಿ ಸಾಲು ಗೊತ್ತಲ್ಲ, ದುಬೈಯಿಂದ ಬಂದ ಅತ್ತರಿನಿಂದ ಹಿಡಿದು ಟ್ರಿಮ್ಮರ್‌ವರೆಗೆ ಎಲ್ಲ ಸಿಗುವ ಜಾಗ. ಅಲ್ಲೂ ವಿಚಾರಿಸಿದೆ. "ಭಾಯ್, ಸ್ಮಾರ್ಟ್ ವಾಚ್ ಇದೆ, ಅದರಲ್ಲೇ ಎಲ್ಲ ಬರುತ್ತಲ್ಲ" ಅಂದರು. ಆನ್‌ಲೈನಿನಲ್ಲಿ 'ಎಲ್ಲ ಸೈಕಲ್ಲಿಗೂ ಹೊಂದುತ್ತದೆ' ಅಂತ ಬರೆದಿದ್ದ ಇನ್ನೊಂದನ್ನು ತರಿಸಿದೆ. ಸೈಕಲ್ಲಿಗೇನೋ ಹೊಂದಿತು. ಆದರೆ ಹಳೇ ಒಟ್ಟು ದೂರವನ್ನು ಅದರೊಳಗೆ ತುಂಬುವ ವ್ಯವಸ್ಥೆಯೇ ಇರಲಿಲ್ಲ. ಸೊನ್ನೆಯಿಂದಲೇ ಶುರು. ವಾಪಸ್ ಕಳಿಸಿದೆ.

ಹಾಗಾದರೆ 'ಹೊಂದುವುದು' ಅಂದರೆ ನಿಜಕ್ಕೂ ಏನು? ಹೀಗೆ ಹುಡುಕುತ್ತಾ ಕೂತಾಗ, ಈ ತಲೆನೋವು ನನಗಿಂತ ಬಹಳ ಹಳೇದು ಅಂತ ಗೊತ್ತಾಯಿತು.

ಚಕ್ರ ಸುತ್ತಿದ್ದನ್ನು ಎಣಿಸಿ ದೂರ ತಿಳಿಯುವ ಉಪಾಯವನ್ನು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಗಾಡಿಯ ಚಕ್ರ 400 ಸುತ್ತು ಸುತ್ತಿದರೆ 5,000 ರೋಮನ್ ಅಡಿ, ಅಂದರೆ ಒಂದು ರೋಮನ್ ಮೈಲಿ. ಮೈಲಿಗೊಂದು ಕಲ್ಲಿನ ಗುಂಡು ಕಂಚಿನ ಪಾತ್ರೆಗೆ ಠಣ್ ಅಂತ ಬೀಳುತ್ತೆ. ಸಂಜೆ ಗುಂಡು ಎಣಿಸಿದರೆ ದಿನದ ಪ್ರಯಾಣ ಸಿಕ್ಕಿತು. ನನ್ನ ಸೈಕಲ್ಲಿನಲ್ಲಿ ಇರುವುದೂ ಅದೇ. ಕಡ್ಡಿಗೆ ಕಟ್ಟಿದ ಅಯಸ್ಕಾಂತ, ಫೋರ್ಕಿನಲ್ಲಿ ರೀಡ್ ಸ್ವಿಚ್. ಗಾಜಿನ ಸಣ್ಣ ಕೊಳವೆಯೊಳಗೆ ಎರಡು ತೆಳು ಕಬ್ಬಿಣದ ಪಟ್ಟಿ ಇರುತ್ತವೆ. ಅಯಸ್ಕಾಂತ ಹತ್ತಿರ ಬಂದಾಗ ಅವು ಒಂದಕ್ಕೊಂದು ತಾಗುತ್ತವೆ, ದೂರ ಹೋದಾಗ ಬಿಡುತ್ತವೆ. ಗುಂಡಿನ ಬದಲು ಕರೆಂಟಿನ ಒಂದು ಮಿಡಿತ, ಅಷ್ಟೇ ವ್ಯತ್ಯಾಸ. ಕುತೂಹಲಕ್ಕೆ ಮಾಸ್ತರ ಹಳೇ ಸೆನ್ಸರಿಗೆ ಮಲ್ಟಿಮೀಟರ್ ಹಚ್ಚಿ ಅಯಸ್ಕಾಂತ ಹಿಡಿದೆ. ಬೀಪ್ ಅಂದಿತು! ಗಾಜಿನೊಳಗೆ ಉಪ್ಪುಗಾಳಿ ಹೋಗಿರಲಿಲ್ಲ. ಕಿಲುಬು ಹಿಡಿದಿದ್ದು ಬೇಸಿನ ಎರಡು ಚುಕ್ಕೆಗಳು ಮಾತ್ರ.

ನಮ್ಮ ಕರಾವಳಿಯಲ್ಲಿ ಈ ಚಕ್ರದ ಲೆಕ್ಕ ಅಷ್ಟು ಸಲೀಸಾಗಿರಲಿಲ್ಲ. ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಹೊಸ ಸೀಮೆ ನೋಡಿಕೊಂಡು ಬರಲು ಕಳಿಸಿತು. 1800ರಲ್ಲಿ ಮದ್ರಾಸಿನಿಂದ ಹೊರಟವನು 1801ರ ಆರಂಭದಲ್ಲಿ ಭಟ್ಕಳ, ಹೊನ್ನಾವರ ದಾಟಿ ಉತ್ತರಕ್ಕೆ ಹೋದ. ಪುಸ್ತಕ 1807ರಲ್ಲಿ ಬಂತು. ಅದರಲ್ಲಿ ಅವನು ದಿನದಿನದ ದೂರವನ್ನು ಕೋಸ್ ಲೆಕ್ಕದಲ್ಲಿ ಬರೆಯುತ್ತಾ ಹೋಗುತ್ತಾನೆ. ಕೋಸ್ ಅಂದರೆ ಸುಮಾರು ಎರಡು ಮೈಲಿ, ಆದರೆ ಸೀಮೆಯಿಂದ ಸೀಮೆಗೆ ಬದಲಾಗುವ ಅಳತೆ. ನಮ್ಮ ಹರದಾರಿ, ಗಾವುದಗಳೂ ಹಾಗೆಯೇ. ಕೂಗಳತೆಯಂತೂ ಕೂಗುವವನ ಗಂಟಲಿನ ಮೇಲೆ ನಿಂತಿದ್ದು.

ಕಂಪನಿಯ ಸರ್ವೆಯವರ ಹತ್ತಿರ ಪೆರಾಂಬ್ಯುಲೇಟರ್ ಇತ್ತು. ಮಗುವಿನ ಗಾಡಿ ಅಲ್ಲ, ಹಿಡಿಕೆ ಹಿಡಿದು ದೂಡಿಕೊಂಡು ಹೋಗುವ ಅಳತೆಯ ಚಕ್ರ. ಅದು ನೆಲದ ಏರುತಗ್ಗು, ದಾರಿಯ ಅಂಕುಡೊಂಕು ಎಲ್ಲವನ್ನೂ ಎಣಿಸಿಬಿಡುತ್ತೆ. ಭಟ್ಕಳದಿಂದ ಕುಮಟಾಕ್ಕೆ ಹೊರಟರೆ ಶಿರಾಲಿಯ ಹತ್ತಿರ ವೆಂಕಟಾಪುರ ಹೊಳೆ, ಹೊನ್ನಾವರದಲ್ಲಿ ಶರಾವತಿ. ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ಬಂತು ಅಂದರೆ ದೋಣಿ. ದೋಣಿಯಲ್ಲಿ ಚಕ್ರ ಸುತ್ತುವುದಿಲ್ಲ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಕೊಂಕಣ ರೈಲ್ವೆ ಸೇತುವೆಯೇ ಎರಡು ಕಿಲೋಮೀಟರಿಗಿಂತ ಉದ್ದ ಇದೆ ಅಂದಮೇಲೆ, ಆ ಕಾಲದ ಲೆಕ್ಕದಲ್ಲಿ ಎಷ್ಟು ನೀರು ಬಿಟ್ಟುಹೋಗಿರಬಹುದು ನೋಡಿ.

ಅದೇ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸರಪಳಿ ಹಿಡಿದು ಒಂದು ಆಧಾರರೇಖೆ ಅಳೆದ. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತಾ ಮದ್ರಾಸಿನಿಂದ ಮಂಗಳೂರಿನ ತನಕ ದೇಶದ ಅಗಲ ಲೆಕ್ಕಹಾಕಿದ. ನಕ್ಷೆಗಳಲ್ಲಿ 400 ಮೈಲಿ ಇದ್ದದ್ದು ಅವನ ಲೆಕ್ಕದಲ್ಲಿ 360 ಆಯಿತು. ನಲವತ್ತು ಮೈಲಿ ಅಗಲದ ನಾಡು ಕಾಗದದ ಮೇಲಿಂದ ಮಾಯ! ನಾಡೇನೂ ಕುಗ್ಗಲಿಲ್ಲ, ಹಳೇ ಅಳತೆ ಬಿಚ್ಚಿಕೊಂಡಿತು.

ಸೈಕಲ್ಲಿಗೆ ಈ ಎಣಿಕೆ ವ್ಯಾಪಕವಾಗಿ ಅಂಟಿದ್ದು 1890ರ ದಶಕದಲ್ಲಿ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಕರ್ಟಿಸ್ ವೀಡರ್ 1895ರಲ್ಲಿ ಕಂಪನಿ ಕಟ್ಟಿ ಸೈಕ್ಲೋಮೀಟರ್ ಮಾರಿದ. ಕಡ್ಡಿಗೆ ಕಟ್ಟಿದ ಮೊಳೆಯೊಂದು ಸುತ್ತಿಗೊಮ್ಮೆ ನಕ್ಷತ್ರದಂಥ ಹಲ್ಲುಗಾಲಿಯನ್ನು ತಟ್ಟುತ್ತೆ, ಒಳಗೆ ಅಂಕಿಗಳು ಉರುಳುತ್ತವೆ. ಪೆಟ್ರೋಲ್ ಬಂಕಿನ ಹಳೇ ಪಂಪುಗಳಲ್ಲಿ ಅಂಕಿ ಉರುಳುತ್ತಿದ್ದದ್ದು ನೆನಪಿದೆಯಾ? ಆ ಕಂಪನಿ ಮುಂದೆ ವೀಡರ್-ರೂಟ್ ಆಗಿ ಅಂಥ ಎಣಿಕೆಯಂತ್ರಗಳಿಗೇ ಹೆಸರಾಯಿತು.

ಹೊಂದಾಣಿಕೆಯ ಜಗಳ ಅಲ್ಲಿಂದಲೇ ಶುರು. 28 ಇಂಚಿನ ಚಕ್ರ ಒಂದು ಮೈಲಿಗೆ ಸುಮಾರು 720 ಸುತ್ತು ಸುತ್ತುತ್ತೆ, 26 ಇಂಚಿನದು ಸುಮಾರು 776. ಈ ಸಂಖ್ಯೆ ಹಲ್ಲುಗಾಲಿಗಳೊಳಗೇ ಕೂತಿರುತ್ತಿತ್ತು, ಬದಲಾಯಿಸಲು ದಾರಿ ಇರಲಿಲ್ಲ. ಅದಕ್ಕೇ ಚಕ್ರಕ್ಕೆ ತಕ್ಕ ಮೀಟರನ್ನೇ ಕೊಳ್ಳಬೇಕಿತ್ತು. 28ರ ಮೀಟರನ್ನು 26ರ ಚಕ್ರಕ್ಕೆ ಹಾಕಿದರೆ ಮೀಟರ್ ನೂರು ಮೈಲಿ ಅಂತ ತೋರಿಸುತ್ತೆ, ನೀವು ಹೋಗಿದ್ದು 93. ಹಳೇ ಸೈಕಲ್ ಕೊಂಡು ಅದರ ಮೀಟರ್ ಕೆಟ್ಟವನು ಆಗಲೂ ನನ್ನಂತೆಯೇ ಅಂಗಡಿ ಅಂಗಡಿ ಅಲೆದಿರಬೇಕು.

1980ರ ದಶಕದ ಆರಂಭದಲ್ಲಿ ಜಪಾನಿನ ಕ್ಯಾಟ್‌ಐ ಮೊದಲಾದವರು ಎಲೆಕ್ಟ್ರಾನಿಕ್ ಸೈಕಲ್ ಕಂಪ್ಯೂಟರ್ ತಂದಾಗ ಆದ ದೊಡ್ಡ ಬದಲಾವಣೆ ಪರದೆ ಅಲ್ಲ. ಹಲ್ಲುಗಾಲಿಯೊಳಗೆ ಬೀಗ ಹಾಕಿದ್ದ ಆ ಸಂಖ್ಯೆ ಸವಾರನ ಕೈಗೆ ಬಂತು. ನಿಮ್ಮ ಚಕ್ರದ ಸುತ್ತಳತೆ ಎಷ್ಟು ಅಂತ ನೀವೇ ಹೇಳಿ, ಎಣಿಸೋದು ನನ್ನ ಕೆಲಸ ಅಂತ ಯಂತ್ರ ಕೇಳತೊಡಗಿತು. ಚಕ್ರದ ಜಗಳ ಅಲ್ಲಿಗೆ ಮುಗಿಯಿತು, ಬೇಸ್ ಮತ್ತು ವೈರಿನ ಜಗಳ ಹುಟ್ಟಿತು. ಒಬ್ಬೊಬ್ಬರದು ಒಂದೊಂದು ಆಕಾರ. ವೈರ್ ಇಲ್ಲದ ಹಳೇ ಬಗೆಯವು ಸೆನ್ಸರ್ ಮುಕ್ಕಾಲು ಮೀಟರ್ ದೂರವಾದರೂ ಕೇಳಿಸಿಕೊಳ್ಳೋದಿಲ್ಲ. ಈಗ ಆ್ಯಂಟ್ ಪ್ಲಸ್, ಬ್ಲೂಟೂತ್ ಅಂತ ಎಲ್ಲರೂ ಒಪ್ಪಿದ ಭಾಷೆಗಳಿವೆ. ಒಂದು ಕಂಪನಿಯ ಸೆನ್ಸರ್ ಇನ್ನೊಂದರ ಕಂಪ್ಯೂಟರ್ ಜೊತೆ ಮಾತಾಡುತ್ತೆ. ಜಿಪಿಎಸ್ ಇದ್ದರಂತೂ ಚಕ್ರವೇ ಬೇಡ.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಬೇಕಾದದ್ದು ಬಹಳ ಸರಳವಾಯಿತು. ಹಳೇ ಬೇಸ್ ಉಳಿಸುವ ಹಟ ಬಿಟ್ಟೆ. ಬೇಸ್, ವೈರ್, ಸೆನ್ಸರ್ ಎಲ್ಲ ಹೊಸತಾಗಲಿ. ಎರಡು ವಿಷಯ ಇದ್ದರೆ ಸಾಕು: ಚಕ್ರದ ಸುತ್ತಳತೆಯನ್ನು ಮಿಲಿಮೀಟರಿನಲ್ಲಿ ಕೊಡಲು ಬರಬೇಕು, ಹಳೇ ಒಟ್ಟು ದೂರವನ್ನು ತುಂಬಲು ಬರಬೇಕು. ಹಾಗಿರುವ ವೈರಿನ ಮಾದರಿಯೊಂದು ಬೆಂಗಳೂರಿನ ಗೆಳೆಯನ ಮೂಲಕ ಸಿಕ್ಕಿತು, ಬೆಲೆಯೂ ಜಾಸ್ತಿ ಇರಲಿಲ್ಲ.

ಮಾಸ್ತರ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ '700×35, 2168' ಅಂತಿತ್ತು. ಇದು ಟಯರಿನ ಅಳತೆಗೆ ಕೋಷ್ಟಕದಲ್ಲಿ ಕೊಡುವ ಸಂಖ್ಯೆ. ನಾನು ಸ್ವಲ್ಪ ಜಾಸ್ತಿಯೇ ಬುದ್ಧಿವಂತಿಕೆ ತೋರಿಸಿದೆ. ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ವಾಲ್ವ್ ಸರಿಯಾಗಿ ಗೆರೆಯ ಮೇಲೆ ಬರುವಂತೆ ನಿಲ್ಲಿಸಿ, ಸೀಟಿನ ಮೇಲೆ ಕೂತೇ ಒಂದು ಸುತ್ತು ಮುಂದೆ ಹೋದೆ. ಮೂರು ಸಲ ಅಳೆದೆ. ಸರಾಸರಿ 2149. ಹತ್ತೊಂಬತ್ತು ಮಿಲಿಮೀಟರ್ ಕಡಿಮೆ. ಮೈಭಾರಕ್ಕೆ ಟಯರ್ ಅಮುಕಿಕೊಳ್ಳುತ್ತೆ, ಗಾಳಿ ಕಡಿಮೆಯಿದ್ದರೆ ಇನ್ನೂ ಜಾಸ್ತಿ. ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್ ಅಂದರೆ ಅರ್ಧ ಕಿಲೋಮೀಟರಿನ ವ್ಯತ್ಯಾಸ. ಪರವಾಗಿಲ್ಲ ಅನ್ನಿಸಬಹುದು. ಆದರೆ 31,864ಕ್ಕೆ ಲೆಕ್ಕ ಹಾಕಿದರೆ? 279 ಕಿಲೋಮೀಟರ್! ಮಾಸ್ತರು ಅಷ್ಟು ದೂರ ಹೋಗಿಯೇ ಇಲ್ಲ.

ಹೇಳಲಾ, ಬೇಡವಾ? ಎರಡು ದಿನ ಒದ್ದಾಡಿದೆ. ಕಾಲು ಸೋತು ಮನೆಯಲ್ಲಿ ಕೂತವರ ಹತ್ತಿರ ಹೋಗಿ, ನಿಮ್ಮ ಲೆಕ್ಕದಲ್ಲಿ 279 ಸುಳ್ಳು ಅಂತ ಹೇಗೆ ಹೇಳೋದು? ಹೇಳದೆ 31,864 ಅಂತ ತುಂಬಿದರೆ ಗಣಿತ ಮಾಸ್ತರಿಗೆ ಮೋಸ ಮಾಡಿದ ಹಾಗೆ. ಕೊನೆಗೆ ಹೊನ್ನಾವರಕ್ಕೆ ಹೋಗಿ ಹೇಳಿಬಿಟ್ಟೆ.

ಮಾಸ್ತರಿಗೆ ಬೇಜಾರಾಗಲಿಲ್ಲ. ಕನ್ನಡಕ ಹಾಕಿಕೊಂಡು ನನ್ನ ಲೆಕ್ಕ ತಪಾಸಣೆ ಮಾಡಿದರು. ಭಾಗಾಕಾರ ಸರಿ ಇದೆ ಅಂದರು. ಆಮೇಲೆ ಕೇಳಿದರು, "ನೀ ಅಳೆದದ್ದು ಯಾವ ಟಯರು?"

"ಈಗ ಇರೋದೇ ಮಾಸ್ತರೇ."

"ಅದು ಹಾಕ್ಸಿದ್ದು ಹೋದ ವರ್ಷ. ಅದಕ್ಕೂ ಮೊದ್ಲು ಎಷ್ಟು ಜೊತೆ ಸವೆಸಿದ್ದೆ ಗೊತ್ತಾ? ಆಗ ನನ್ನ ತೂಕ ಎಷ್ಟಿತ್ತು, ಗಾಳಿ ಎಷ್ಟು ಹೊಡಿತಿದ್ದೆ? ಅದನ್ನೆಲ್ಲ ನೀ ಈಗ ಹ್ಯಾಂಗೆ ಅಳೀತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಮುಂದುವರಿಸಿದರು. ಭೂಮಿಯ ಸುತ್ತಳತೆ ಸರಿಯಾಗಿ 40,000 ಕಿಲೋಮೀಟರಿಗೆ ಇಷ್ಟು ಹತ್ತಿರ ಯಾಕಿದೆ ಅಂತ ಯೋಚಿಸಿದ್ದೀಯಾ ಅಂದರು. ಕಾಕತಾಳೀಯ ಅಲ್ಲ. ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ ಮೀಟರನ್ನು ಹುಟ್ಟಿಸಿದ್ದೇ ಹಾಗೆ: ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದಲ್ಲಿ ಕೋಟಿಗೊಂದು ಪಾಲು. ಅದಕ್ಕಾಗಿ ದೆಲಾಂಬ್ರ್, ಮೆಶೆನ್ ಎಂಬಿಬ್ಬರು ಡಂಕರ್ಕ್‌ನಿಂದ ಬಾರ್ಸಿಲೋನಾದವರೆಗೆ 1792ರಿಂದ ಆರೇಳು ವರ್ಷ ತ್ರಿಕೋನ ಅಳೆದರು. ಆಮೇಲೆ ಗೊತ್ತಾಯಿತು, ಅವರ ಮೀಟರ್ ಸುಮಾರು 0.2 ಮಿಲಿಮೀಟರ್ ಗಿಡ್ಡ! ಹಾಗಂತ ಜಗತ್ತು ಮೀಟರನ್ನು ತಿದ್ದಲಿಲ್ಲ. ಅದನ್ನೇ ಇಟ್ಟುಕೊಂಡು, ಭೂಮಿಯೇ 40,000ಕ್ಕಿಂತ ಒಂದಿಷ್ಟು ಹೆಚ್ಚು ಅಂತ ಬರೆದುಕೊಂಡಿತು. ಧ್ರುವಗಳ ಮೇಲಿಂದ ಸುತ್ತಿದರೆ 40,008.

ಬಸ್ಸಿನಲ್ಲಿ ಭಟ್ಕಳಕ್ಕೆ ಬರುವಾಗ ಬುಕಾನನ್ ನೆನಪಾದ. ಅವನ ಕೋಸನ್ನು ಇವತ್ತು ಯಾರಾದರೂ ಸರಿಪಡಿಸಿ, ಅಳಿಸಿ, ಕಿಲೋಮೀಟರ್ ಮಾಡಿ ಅಚ್ಚು ಹಾಕಿದರೆ ಅದು ಅವನ ಪ್ರಯಾಣ ಆಗಿ ಉಳಿಯೋದಿಲ್ಲ. ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು, ಮೂಲವನ್ನು ಮುಟ್ಟುವ ಹಾಗಿಲ್ಲ. ಇತಿಹಾಸ ಓದುವವರು ದಿನಾ ಮಾಡುವ ಕೆಲಸ ಅದು. ನನಗೆ ಅದು ಅರ್ಥವಾಗೋಕೆ ಒಂದು ಹಳೇ ಸೈಕಲ್ ಬೇಕಾಯಿತು. ನಮ್ಮ ಆಫೀಸಿನಲ್ಲಿ ಹಳೇ ಡೇಟಾವನ್ನು ಹೊಸ ಸಿಸ್ಟಮ್ಮಿಗೆ ಸಾಗಿಸುವಾಗ ಎಷ್ಟು ಸಲ 'ಕ್ಲೀನ್' ಮಾಡಿಬಿಟ್ಟಿದ್ದೇವೋ, ಯಾವ ಅಂಕಿ ಯಾರ ಅಳತೆಯದು ಅಂತ ಬರೆದಿಡದೆ!

ಹೊಸ ಕಂಪ್ಯೂಟರಿಗೆ 31,864 ಅಂತಲೇ ತುಂಬಿದೆ. ಸುತ್ತಳತೆಯ ಜಾಗದಲ್ಲಿ 2149 ಕೊಟ್ಟೆ. ಮಾಸ್ತರು ನೋಟ್‌ಬುಕ್ಕಿನ ಕೊನೆಯ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದು, ಕೆಂಪು ಪೆನ್ನಿನಲ್ಲಿ 'ಇಲ್ಲಿಂದ ಮುಂದೆ 2149, ಸವಾರ ಬೇರೆ' ಅಂತ ಬರೆದರು.

ಬಾಕಿ 8,136 ಕಿಲೋಮೀಟರ್. ಭಟ್ಕಳ-ಕುಮಟಾ ನೂರಮೂವತ್ತಾರು ಸಲ. ಹೆದ್ದಾರಿಯ ಧೂಳು, ಲಾರಿ, ಮಳೆಗಾಲದ ನಾಲ್ಕು ತಿಂಗಳು ಎಲ್ಲ ಸೇರಿಸಿದರೆ ಎಷ್ಟು ವರ್ಷ ಆಗುತ್ತೋ ನೋಡಬೇಕು. ಭಾನುವಾರ ಸಂಜೆ ಮಾಸ್ತರ ಫೋನು ತಪ್ಪದೆ ಬರುತ್ತೆ. ಅದು ಹೇಗಿದೆ, ಇದು ಹೇಗಿದೆ ಅಂತೆಲ್ಲ ಕೇಳೋದಿಲ್ಲ. "ಎಷ್ಟಾತು ತಮಾ?" ಅಂತಾರೆ. ನಾನು ಅಂಕಿ ಹೇಳ್ತೀನಿ. ಅವರು ಬರೆದುಕೊಳ್ಳುವವರೆಗೆ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿರೋದಿಲ್ಲ. ಈ ವಾರ 32,540.